ದುರಸ್ತಿ ಶೆಡ್ಡಿಗೆ ಉಪಕರಣ ಕಪಾಟು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಬಿತ್ತನೆಗೆ ತಕ್ಕ ಹಸಿ ಕೆಲವೇ ದಿನ ನಿಲ್ಲುತ್ತದೆ. ಆಗ ಒಂದು ಪಾನಾ ಸಿಗದೆ ಟ್ರ್ಯಾಕ್ಟರ್ ದುರಸ್ತಿ ತಡವಾದರೆ ಹದ ತಪ್ಪುತ್ತದೆ. ಆದ್ದರಿಂದ ದುರಸ್ತಿ ಶೆಡ್ಡಿಗೆ ಗಟ್ಟಿಯಾದ ಉಪಕರಣ ಕಪಾಟು ಅವಶ್ಯ.

ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಕಪಾಟು ವಾಲಿ ಡ್ರಾಯರುಗಳು ಬಿಗಿಯುತ್ತವೆ. ಆ ಮಣ್ಣನ್ನು ತೆಗೆದು, ಗರಸು ತುಂಬಿ, ದಿಮ್ಮಸಿನಿಂದ ಬಡಿದು, ಕಲ್ಲಿನ ಚಪ್ಪಡಿಯ ಮೇಲೆ ಮಟ್ಟವಾಗಿ ನಿಲ್ಲಿಸಬೇಕು.

ಕೊಳ್ಳುವಾಗ ಡ್ರಾಯರಿನಲ್ಲಿ ಭಾರವಿಟ್ಟು ಪೂರ್ತಿ ಎಳೆದು ನೋಡಬೇಕು. ಜ್ಯಾಕು, ಸುತ್ತಿಗೆ ಕೆಳಗೆ, ಪಾನಾಗಳು ಅಳತೆವಾರು ಮೇಲೆ ಇರಲಿ.

ಹಳೆಯ ಕಪಾಟನ್ನೇ ಸುಧಾರಿಸುವವರು ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಬಣ್ಣ ಹಚ್ಚಿ, ಗೇಣುದ್ದದ ಆ್ಯಂಗಲ್ ಕಾಲು ಕೂಡಿಸಬೇಕು. ರಸಗೊಬ್ಬರ ತೇವ ಹೀರಿ ತುಕ್ಕು ಹೆಚ್ಚಿಸುವುದರಿಂದ ಅದನ್ನು ಅದೇ ಕೋಣೆಯಲ್ಲಿ ಇಡಬಾರದು.