ವಾಹನದ ಕೂಲಿಂಗ್ ವ್ಯವಸ್ಥೆಯಲ್ಲಿ ಗಾಳಿ ಹಿಡಿದರೆ

ಬಾವಿಯ ಪಂಪಿನಲ್ಲಿ ಗಾಳಿ ಹಿಡಿದರೆ ಮೋಟರು ತಿರುಗುತ್ತಿದ್ದರೂ ನೀರು ಮೇಲೇರುವುದಿಲ್ಲ. ನಿಮ್ಮ ಕಾರು ಅಥವಾ ಪಿಕಪ್ ಎಂಜಿನ್ನಿನ ನೀರಿನ ಪಂಪಿಗೂ ಇದೇ ಕಾಯಿಲೆ ಬರುತ್ತದೆ. ಹೋಸ್ ಪೈಪು ಬದಲಿಸಿದಾಗ ಅಥವಾ ಹಳೆಯ ಕೂಲೆಂಟ್ ಬಸಿದು ಹೊಸದನ್ನು ತುಂಬಿದಾಗ ಗಾಳಿ ಒಳಗೆ ಉಳಿದುಬಿಡುತ್ತದೆ.

ಇಂತಹ ಗಾಡಿ ಊರ ರಸ್ತೆಯಲ್ಲಿ ಚೆನ್ನಾಗಿಯೇ ಓಡಬಹುದು. ಆದರೆ ತಾವರೆಕೆರೆ ಕಡೆಯಿಂದ ತರಕಾರಿ ಹೇರಿಕೊಂಡು ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ ದಾಟಿ ವಿಜಯನಗರದತ್ತ ತೆವಳುವಾಗ ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ, ಫ್ಯಾನ್ ಒಂದೇ ಗತಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒತ್ತಡವನ್ನು ಹಿಡಿದಿಡುವುದರಿಂದ ಒಳಗಿನ ದ್ರವ ಅದಕ್ಕೂ ಹೆಚ್ಚಿನ ಶಾಖ ತಡೆಯುತ್ತದೆ. ಆದ್ದರಿಂದಲೇ ಬಿಸಿ ಎಂಜಿನ್ನಿನ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಶಾಖ ತೋರಿಸುವ ಮುಳ್ಳನ್ನೇ ನಂಬಬೇಡಿ. ಸೆನ್ಸರು ಗಾಳಿಗುಳ್ಳೆಯಲ್ಲಿ ಸಿಕ್ಕಿಕೊಂಡರೆ ಎಂಜಿನ್ ಕಾದಿದ್ದರೂ ಮುಳ್ಳು ಕೆಳಗೇ ನಿಂತಿರಬಹುದು. ಮುಳ್ಳು ಥಟ್ಟನೆ ಏರಿ ಇಳಿಯುವುದು, ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು, ಹೀಟರಿನಿಂದ ತಣ್ಣನೆಯ ಗಾಳಿ, ಇವು ಗಾಳಿ ಹಿಡಿದಿರುವುದರ ಗುರುತುಗಳು.

ರಾತ್ರಿಯೆಲ್ಲಾ ನಿಂತು ತಣ್ಣಗಾದ ಗಾಡಿಯನ್ನು ಬೆಳಿಗ್ಗೆ ಮುಂಭಾಗ ಎತ್ತರಕ್ಕೆ ಬರುವಂತೆ ಏರಿನಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಮುಚ್ಚಳ ತೆಗೆದು, ಹೀಟರ್ ಇದ್ದರೆ ಅದನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕೂಲೆಂಟನ್ನು ನಿಧಾನವಾಗಿ ಸುರಿಯಿರಿ. ನಡುನಡುವೆ ಮೇಲಿನ ಹೋಸನ್ನು ಹಿಸುಕಿ. ಗಾಳಿ ಬಿಡುವ ತಿರುಪು ಇರುವ ವಾಹನಗಳಲ್ಲಿ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದೊಡನೆ ಬಿಗಿಮಾಡಿ. ಬಳಿಕ ಎಂಜಿನ್ ಚಾಲೂ ಮಾಡಿ ಹಾಗೆಯೇ ಬಿಡಿ. ಸಾಮಾನ್ಯವಾಗಿ 80ರಿಂದ 90 ಡಿಗ್ರಿಯೊಳಗೆ ಥರ್ಮೋಸ್ಟಾಟ್ ತೆರೆದುಕೊಂಡು, ಗುಳ್ಳೆಗಳೆದ್ದು ಮಟ್ಟ ಕುಸಿಯುತ್ತದೆ. ಇಳಿದಷ್ಟನ್ನು ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಈ ಹೊತ್ತಿನಲ್ಲಿ ಮುಖವನ್ನು ದೂರವಿಡಿ. ಕರೆಂಟ್ ಫ್ಯಾನ್ ತಾನಾಗಿಯೇ ತಿರುಗತೊಡಗುತ್ತದೆ, ಪಂಚೆ, ಟವೆಲ್ಲು ಸಿಕ್ಕಿಕೊಂಡೀತು. ಹೊಸ ಮಾದರಿಗಳಲ್ಲಿ ಕ್ರಮ ಬೇರೆಯಿರುವುದುಂಟು, ಗಾಡಿಯ ಪುಸ್ತಕ ನೋಡಿ. ಮರುದಿನ ತಣ್ಣಗಿರುವಾಗ ಮಟ್ಟವನ್ನು ಇನ್ನೊಮ್ಮೆ ನೋಡಲು ಮರೆಯಬೇಡಿ.

ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಗಾಡಿ ಓಡಿಸಬೇಡಿ. ಹೆಡ್ ಬಾಗಿದರೆ ಒಂದು ಬೆಳೆಯ ಲಾಭವೇ ಗ್ಯಾರೇಜಿನ ಪಾಲಾದೀತು. "ಥರ್ಮೋಸ್ಟಾಟ್ ಕಿತ್ತುಬಿಡಿ, ಕಾಯುವುದೇ ಇಲ್ಲ" ಎನ್ನುವವರಿದ್ದಾರೆ. ಕೇಳಬೇಡಿ, ಎಂಜಿನ್ ಹದವಾದ ಶಾಖಕ್ಕೆ ಬರದೆ ಇಂಧನ ಹೆಚ್ಚು ಕುಡಿಯುತ್ತದೆ.

ಕೊಳವೆ ಬಾವಿಯ ಗಡಸು ನೀರು ರೇಡಿಯೇಟರಿಗೆ ಸಲ್ಲದು, ಒಳಗೆ ಸುಣ್ಣ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲೇ ಕೂಲೆಂಟ್ ಬೆರೆಸಿ. ಬಸಿದ ಹಳೆಯ ಕೂಲೆಂಟ್ ಸಿಹಿ ರುಚಿಯ ವಿಷ. ದನಕರು, ನಾಯಿ ನೆಕ್ಕದಂತೆ ಆಗಲೇ ಡಬ್ಬಕ್ಕೆ ತುಂಬಿ ಮುಚ್ಚಿಡಿ.