ಇಟಲಿಯಲ್ಲಿ ಮೇಷ್ಟರೊಡನೆ

ಇಟಲಿ ದೇಶದ ಪ್ರವಾಸವನ್ನು ಕುರಿತು ಬರೆಯುವವರು ಅಲ್ಲಿಯ ಚಿತ್ರಗಳಿಂದಲೋ ಶಿಲ್ಪಗಳಿಂದಲೋ ಪ್ರಾರಂಭಿಸುವುದು ವಾಡಿಕೆ. ನಾವು ಊಟದ ಮಾತಿನಿಂದ ಪ್ರಾರಂಭಿಸಿದರೆ ವಾಚಕರು ಕ್ಷಮಿಸಬೇಕು. ಕಳೆದ ಏಪ್ರಿಲ್ ತಿಂಗಳಿನಲ್ಲಿ ನಮ್ಮೊಡನೆ ಅಲ್ಲಿಗೆ ಬಂದ ಮಿತ್ರರು ಹುಟ್ಟು ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವವರಲ್ಲ. ಸಾಗರದ ಸಮೀಪದ ಒಂದು ಹಳ್ಳಿಯಲ್ಲಿ ಅಡಕೆಯ ತೋಟವನ್ನಿಟ್ಟುಕೊಂಡು, ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಚರಿತ್ರೆಯನ್ನು ಬೋಧಿಸಿ ನಿವೃತ್ತರಾದವರು. ಊರಿಗೆಲ್ಲ ಅವರು ಮೇಷ್ಟರು; ನಮಗೂ ಹಾಗೆಯೇ.

ಇಂಥವರಿಗೆ ಇಟಲಿಯ ಹಂಬಲ ಹತ್ತಿದುದು ನಾಲ್ಕು ಶತಮಾನಗಳ ಹಿಂದಿನ ಒಬ್ಬ ಅತಿಥಿಯಿಂದ. ರೋಮ್ ನಗರದ ಕುಲೀನ ಮನೆತನದವನಾದ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ಪ್ರವಾಸಿಯು 1623ನೆಯ ಇಸವಿಯಲ್ಲಿ, ಗೋವೆಯ ಪೋರ್ಚುಗೀಸರು ಕಳುಹಿಸಿದ ರಾಯಭಾರಿಯ ಜೊತೆಯಲ್ಲಿ ಹೊನ್ನಾವರದಿಂದ ಘಟ್ಟವನ್ನೇರಿ ಇಕ್ಕೇರಿಗೆ ಬಂದು, ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು, ಕಂಡದ್ದನ್ನೆಲ್ಲ ಪತ್ರರೂಪವಾಗಿ ಬರೆದಿಟ್ಟನು. ಆ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯ ಮೇಲೆ ನಾಲ್ವರು ಹುಡುಗರು ಮರಳನ್ನು ಹರಡಿಕೊಂಡು, ಬೆರಳಿನಿಂದ ಬರೆದು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಆತನು ಬಹಳ ಮೆಚ್ಚಿ ವರ್ಣಿಸಿರುವನು. ಮೇಷ್ಟರು ತಮ್ಮ ತರಗತಿಗೆ ಪ್ರತಿವರ್ಷವೂ ಈ ಕಥೆಯನ್ನು ಹೇಳುತ್ತಿದ್ದರು. “ಆತನು ನಮ್ಮ ಊರಿಗೆ ಬಂದು ಹೋದನು. ಒಮ್ಮೆಯಾದರೂ ನಾವು ಆತನ ಊರಿಗೆ ಹೋಗಿ ಬರುವುದು ಮರ್ಯಾದೆಯಲ್ಲವೇ, ರಾಯರೇ?” ಎಂದು ಅವರು ಕೇಳಿದಾಗ ನಮಗೆ ಇಲ್ಲವೆನ್ನಲು ಕಾರಣ ತೋಚಲಿಲ್ಲ.

ಭಾಷೆಯ ಹೊಣೆಯು ನಮ್ಮದಾಗಿದ್ದಿತು. ಕೈಪಿಡಿಯೊಂದನ್ನು ಹಿಡಿದು ಆರು ತಿಂಗಳು ಕಲಿತ ಹರಕು ಮುರುಕು ಇಟಾಲಿಯನ್ನು ಅನ್ನ ನೀರು ಕೇಳುವುದಕ್ಕೆ ಸಾಕಾಗುವಷ್ಟಿದ್ದಿತು. ಆದುದರಿಂದ ನಮ್ಮಿಬ್ಬರಲ್ಲಿ ಬಾಯಿಮಾತಿಲ್ಲದ ಒಂದು ಒಪ್ಪಂದವೇರ್ಪಟ್ಟಿತು. ತಟ್ಟೆಯು ಮುಂದೆ ಬಂದೊಡನೆ ಮೇಷ್ಟರು ನಮ್ಮ ಮುಖವನ್ನು ನೋಡುವರು; ನಾವು ತಲೆಯಾಡಿಸಿದರೆ ಉಣ್ಣುವರು. ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ.

ಮೊದಲು ಇಳಿದುದು ವೆನಿಸ್ ನಗರದಲ್ಲಿ. ರೈಲು ನಿಲ್ದಾಣದ ಬಾಗಿಲನ್ನು ದಾಟಿದರೆ ರಸ್ತೆಯಿರಬೇಕಾದ ಕಡೆಯಲ್ಲಿ ನೀರು! ಬಸ್ಸಿಗೆ ಬದಲು ದೋಣಿ, ಬೀದಿಗೆ ಬದಲು ಕಾಲುವೆ. ನೂರಕ್ಕೆ ಮೇಲ್ಪಟ್ಟ ಸಣ್ಣ ದ್ವೀಪಗಳನ್ನು ನಾನೂರಕ್ಕೆ ಮೇಲ್ಪಟ್ಟ ಸೇತುವೆಗಳು ಹೊಲಿದು ಒಂದು ಮಾಡಿವೆ. ಮೂರು ದಿನಗಳಲ್ಲಿ ಒಂದು ವಾಹನದ ಕಹಳೆಯನ್ನೂ ಕೇಳದೆ ಕಿವಿಗೆ ಹಬ್ಬವಾಯಿತು. ಸಂತ ಮಾರ್ಕನ ಚೌಕದ ಎತ್ತರವಾದ ಗಂಟೆಯ ಗೋಪುರವು ಪುರಾತನವಾದುದೆಂದೇ ನಾವು ತಿಳಿದಿದ್ದೆವು. ಅದು 1902ರಲ್ಲಿ ಕುಸಿದುಬಿದ್ದು, 1912ರಲ್ಲಿ ಇದ್ದಂತೆಯೇ ಮತ್ತೆ ಕಟ್ಟಲ್ಪಟ್ಟಿತೆಂದು ಮೇಷ್ಟರು ತಿಳಿಸಿದರು. ಅವರು ಮನೆಯಿಂದಲೇ ಓದಿಕೊಂಡು ಬಂದಿದ್ದರು.

ಅಲ್ಲಿ ಊಟಕ್ಕೆ ತೊಂದರೆಯಾಗಲಿಲ್ಲ. ಮುಸುಕಿನ ಜೋಳದ ರವೆಯನ್ನು ಗೊಟಾಯಿಸಿ ಮಾಡುವ ಪೊಲೆಂತ ಎಂಬುದು ನಮ್ಮ ಮುದ್ದೆಯ ಮೆತ್ತನೆಯ ತಂಗಿ. ಅದರ ಮೇಲೆ ಬೇಯಿಸಿದ ಅಣಬೆ. ಅಣಬೆಯ ಮೇಲೆ ತುರಿದ ಚೀಸು. ಈ ತುರಿದ ಚೀಸನ್ನು ಮೇಷ್ಟರು ಮೊದಲನೆಯ ದಿನ ಅನುಮಾನದಿಂದ ಮೂಸಿದರು. ಎರಡನೆಯ ದಿನ ತಾವಾಗಿಯೇ ಚಮಚಕ್ಕೆ ಕೈಹಾಕಿದರು. ಮೂರನೆಯ ದಿನ ಬಟ್ಟಲು ಬರಿದಾಗಲು ಇನ್ನೊಂದನ್ನು ತರಿಸಿದರು. “ಹಾಲಿಗೆ ಇಷ್ಟು ರುಚಿಯನ್ನು ಬರಿಸಬಹುದೆಂದು ನಮ್ಮ ಹೆಂಗಸರಿಗೆ ಗೊತ್ತೇ ಇಲ್ಲವಲ್ಲ!” ಎಂದರು.

ಬೊಲೋನ್ಯ ನಗರದ ಮಾತನ್ನು ಬೇಗನೆ ಮುಗಿಸುವೆವು. ಅಲ್ಲಿಯ ಪಾಸ್ತವನ್ನು ಮೊಟ್ಟೆಯಲ್ಲಿಯೇ ಕಲಸುವರು. ಉಳಿದುದೆಲ್ಲ ಹಂದಿಯ ಮಾಂಸ. ಮೇಷ್ಟರು ಕಿತ್ತಲೆಹಣ್ಣನ್ನೂ ಬ್ರೆಡ್ಡನ್ನೂ ತಿಂದು ಎರಡು ದಿನ ಕಳೆದರು. ದಕ್ಷಿಣದ ಒಣ ಪಾಸ್ತವು ಬರಿಯ ಗೋಧಿಯ ರವೆ ಮತ್ತು ನೀರು ಮಾತ್ರವೆಂಬುದನ್ನು ನಮ್ಮಂತೆ ಹೋಗುವವರು ನೆನಪಿನಲ್ಲಿಡಬೇಕು.

ಅಲ್ಲಿಂದ ಒಂದು ಗಂಟೆಯ ರೈಲಿನ ದಾರಿಯಲ್ಲಿರುವುದು ಪಾರ್ಮಾ. ಮೇಷ್ಟರು ಮೆಚ್ಚಿದ ಆ ಚೀಸಿನ ತವರು ಅದೇ ಆದುದರಿಂದ, ಬೆಳಗಿನ ಜಾವದಲ್ಲಿಯೇ ಎದ್ದು ಊರ ಹೊರಗಿನ ಒಂದು ಚೀಸಿನ ಮನೆಯನ್ನು ನೋಡಲು ಹೋದೆವು. ತಲೆಕೆಳಗಾದ ಗಂಟೆಯ ಆಕಾರದ ಭಾರಿ ತಾಮ್ರದ ಹಂಡೆಗಳು. ಹಿಂದಿನ ಸಂಜೆಯ ಹಾಲನ್ನು ರಾತ್ರಿಯೆಲ್ಲ ಅಗಲವಾದ ತೊಟ್ಟಿಯಲ್ಲಿಟ್ಟು, ಮೇಲೆ ಕಟ್ಟಿದ ಕೆನೆಯನ್ನು ತೆಗೆದು, ಅದಕ್ಕೆ ಬೆಳಗಿನ ಹೊಸ ಹಾಲನ್ನು ಸೇರಿಸುವರು. ನಿನ್ನೆಯ ಹಾಲು ಒಡೆದಾಗ ಉಳಿದ ತಿಳಿಯನ್ನು ಇಂದಿನ ಹಾಲಿಗೆ ಬೆರೆಸುವರು. ಇದು ನಮ್ಮ ಹೆಪ್ಪಿನ ಪದ್ಧತಿಯೇ. ಗಡ್ಡೆಕಟ್ಟಿದ ಹಾಲನ್ನು ದೊಡ್ಡ ಕಡೆಗೋಲಿನಂಥ ತಂತಿಯ ಸಾಧನದಿಂದ ಗೋಧಿಯ ಕಾಳಿನಷ್ಟು ಸಣ್ಣದಾಗಿ ಒಡೆದು, 55 ಡಿಗ್ರಿಯವರೆಗೆ ಕಾಯಿಸುವರು. ಸುಮಾರು 550 ಲೀಟರು ಹಾಲಿಗೆ 40 ಕಿಲೋ ತೂಕದ ಒಂದು ಗಾಲಿ! ಅದನ್ನು ಉಪ್ಪುನೀರಿನಲ್ಲಿ ಮೂರು ವಾರದಷ್ಟು ಕಾಲ ತೇಲಿಬಿಟ್ಟು, ಕಡಮೆಯೆಂದರೆ ಒಂದು ವರ್ಷ, ಸಾಮಾನ್ಯವಾಗಿ ಎರಡು ವರ್ಷ ಹಲಗೆಯ ಮೇಲೆ ಮಾಗಿಸುವರು. ಒಳಗೆ ಬಿರುಕಿದೆಯೋ ಇಲ್ಲವೋ ಎಂಬುದನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಸದ್ದಿನಿಂದಲೇ ತಿಳಿಯುವರು.

ಈ ಸುತ್ತಿಗೆಯೇ ನಮ್ಮ ಸಂಕಟಕ್ಕೆ ಕಾರಣವಾಯಿತು. ಮುದುಕನಾದ ಕೆಲಸಗಾರನೊಬ್ಬನು ಮೇಷ್ಟರ ಕೈಗೆ ಅದನ್ನು ಕೊಟ್ಟು, ಹಲಗೆಗಳ ಸಾಲಿನ ನಡುವೆ ಕರೆದುಕೊಂಡು ಹೋದನು. ಹಲಸಿನ ಹಣ್ಣನ್ನು ತಟ್ಟಿ ನೋಡುವ ಕೈ. ಅವರು ಸಂಭ್ರಮದಿಂದ ತಟ್ಟುತ್ತ ನಡೆದರು. ಇತ್ತ ವಿವರಣೆಯನ್ನು ಹೇಳುತ್ತಿದ್ದ ಹೆಣ್ಣುಮಗಳು, ಹಾಲನ್ನು ಗಡ್ಡೆಕಟ್ಟಿಸಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ದ್ರವ್ಯವೆಂದೂ, ಇನ್ನೂ ಹಾಲು ಕುಡಿಯುವ ಎಳಗರುವಿನದೇ ಆಗಬೇಕೆಂದೂ, ಈ ಚೀಸಿನ ವಿಷಯದಲ್ಲಿ ಅದು ಮೀರಬಾರದ ನಿಯಮವೆಂದೂ ಹೇಳಿದಳು. ಕರುವನ್ನು ಕೊಯ್ಯದೆ ಅದು ದೊರೆಯುವಂತಿಲ್ಲ.

ನಾವು ಹಿಂದಿರುಗಿ ನೋಡಿದೆವು. ಮೇಷ್ಟರು ದೂರದಲ್ಲಿ ಒಂದು ಗಾಲಿಗೆ ಕಿವಿಗೊಟ್ಟು ನಗುತ್ತಿದ್ದರು. ಮರಳಿ ಬಂದವರೇ ಒಂದು ಕಿಲೋ ತುಂಡನ್ನು ಕಟ್ಟಿಸಿದರು. “ಮನೆಯಲ್ಲಿ ಎಲ್ಲರಿಗೂ ಒಂದೊಂದು ಚೂರು ಕೊಡಬೇಕು” ಎಂದರು. ಆಗಲೇ ಹೇಳಬೇಕಾಗಿತ್ತು. ಅವರ ಮುಖದ ಸಂತೋಷವನ್ನು ಕಂಡು ಬಾಯಿ ಬರಲಿಲ್ಲ, ಸಂಜೆ ಹೇಳೋಣವೆಂದುಕೊಂಡೆವು. ಸಂಜೆ ಫ್ಲಾರೆನ್ಸಿನ ರೈಲು ಹತ್ತುವ ಗಡಿಬಿಡಿ.

ಫ್ಲಾರೆನ್ಸ್ ನಗರದ ಮಹಾದೇವಾಲಯದ ಗುಮ್ಮಟವನ್ನು ಬ್ರುನೆಲ್ಲೆಸ್ಕಿ ಎಂಬ ಶಿಲ್ಪಿಯು 1420ರಲ್ಲಿ ಪ್ರಾರಂಭಿಸಿ 1436ರಲ್ಲಿ ಮುಗಿಸಿದನು. ನೆಲದಿಂದ ಮರದ ಆಧಾರವನ್ನು ನಿಲ್ಲಿಸದೆಯೇ, ಒಂದರೊಳಗೊಂದು ಎರಡು ಚಿಪ್ಪುಗಳಾಗಿ ಇಟ್ಟಿಗೆಯ ಗುಮ್ಮಟವನ್ನು ಆಕಾಶದಲ್ಲಿ ಕೂಡಿಸಿದ ಸಾಹಸವದು. ಆ ಎರಡು ಚಿಪ್ಪುಗಳ ನಡುವಣ ಇಕ್ಕಟ್ಟಿನಲ್ಲಿ 463 ಮೆಟ್ಟಿಲುಗಳನ್ನು ಮೇಷ್ಟರು ಎಣಿಸುತ್ತ ಹತ್ತಿದರು. ಮೇಲೆ ನಿಂತಾಗ ಕೆಂಪು ಹೆಂಚಿನ ಮಾಡುಗಳು ಬೆಟ್ಟದ ಬುಡದವರೆಗೆ ಹರಡಿದ್ದವು. ನಮ್ಮ ಮಲೆನಾಡಿನವರಿಗೆ ಹೆಂಚಿನ ಮಾಡೆಂದರೆ ತವರಿನ ನೆನಪು. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಆ ಸೀಮೆಯ ಬ್ರೆಡ್ಡಿಗೆ ಉಪ್ಪನ್ನೇ ಹಾಕುವುದಿಲ್ಲ. ಮೇಷ್ಟರ ಪೆಟ್ಟಿಗೆಯಲ್ಲಿದ್ದ ಅಪ್ಪೆಮಿಡಿ ಉಪ್ಪಿನಕಾಯಿಗೆ ಅದಕ್ಕಿಂತ ತಕ್ಕ ಜೋಡಿ ಭೂಮಂಡಲದಲ್ಲಿಲ್ಲವೆಂದು ನಾವು ಪ್ರಮಾಣ ಮಾಡಿ ಹೇಳಬಲ್ಲೆವು. ಹಳೆಯ ಬ್ರೆಡ್ಡು, ಬಿಳಿಯ ಹುರುಳಿಕಾಯಿಯ ಬೀಜ, ಕಪ್ಪು ಎಲೆಕೋಸು ಇವನ್ನು ಬೇಯಿಸಿ, ಮರುದಿನ ಮತ್ತೆ ಕುದಿಸಿ ಬಡಿಸುವ ರಿಬೊಲ್ಲಿತ ಎಂಬ ಗಟ್ಟಿ ಸಾರು ಬಂದಿತು. ನಿನ್ನೆಯ ಹುಳಿಯನ್ನು ಇಂದು ಕುದಿಸಿದರೆ ರುಚಿ ಹೆಚ್ಚೆಂಬುದನ್ನು ಬಲ್ಲವರು ನಮ್ಮಲ್ಲಿಯೂ ಇದ್ದಾರಲ್ಲವೇ? ಮೇಷ್ಟರು ಅದರ ಮೇಲೆ ಚೀಸನ್ನು ಉದುರಿಸುವ ಮೊದಲು, ಎಂದಿನಂತೆ ನಮ್ಮ ಮುಖವನ್ನು ನೋಡಿದರು. ನಾವು ತಲೆಯಾಡಿಸಿದೆವು. ಅಂದಿನ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ.

ರೋಮಿನಲ್ಲಿ ಕಂಡದ್ದನ್ನೆಲ್ಲ ಬರೆದರೆ ಈ ಸಂಚಿಕೆಯು ಸಾಲದು. ಪ್ಯಾಂಥಿಯನ್ ಎಂಬ ದೇಗುಲದಲ್ಲಿ ಮಾತ್ರ ನಾವು ಎರಡು ಬಾರಿ ಹೋಗಿ ಕುಳಿತೆವು. ಹೇಡ್ರಿಯನ್ ಚಕ್ರವರ್ತಿಯ ಕಾಲದ, ಸುಮಾರು 1900 ವರ್ಷಗಳ ಹಿಂದಿನ ಗುಮ್ಮಟ; 43 ಮೀಟರಿಗೆ ಮಿಕ್ಕ ಅಗಲ; ಕಬ್ಬಿಣದ ಒಂದು ಸರಳೂ ಇಲ್ಲ; ನೆತ್ತಿಯಲ್ಲಿ ಬಯಲಿಗೆ ತೆರೆದ ಒಂದು ದುಂಡು ಕಂಡಿ. ಎರಡನೆಯ ಬಾರಿ ಹೋದಾಗ ಮಳೆ ಬಂದು, ಆ ಕಂಡಿಯಿಂದ ನೀರಿನ ಕಂಬವೊಂದು ಒಳಗೆ ಇಳಿಯಿತು. ನೆಲದ ಸಣ್ಣ ತೂತುಗಳಲ್ಲಿ ನೀರು ಹರಿದುಹೋಗುವುದನ್ನು ಕಂಡು, “ನಮ್ಮ ತೊಟ್ಟಿಮನೆಯ ಅಂಗಳ!” ಎಂದು ಮೇಷ್ಟರು ಕೂಗಿಯೇಬಿಟ್ಟರು. ಬೀದಿಬೀದಿಯಲ್ಲಿಯೂ ಹಗಲಿರುಳು ತಣ್ಣೀರನ್ನು ಸುರಿಸುವ ಕಬ್ಬಿಣದ ನಲ್ಲಿಕಂಬಗಳು ಈ ನಗರದ ದೊಡ್ಡ ಉಪಕಾರ. ನೀರಿಗಾಗಿ ಒಂದು ಕಾಸನ್ನೂ ಕೊಡಬೇಕಾಗಲಿಲ್ಲ.

ಅಂದಿನ ಮಧ್ಯಾಹ್ನ ಚೀಸು ಮತ್ತು ಕರಿಮೆಣಸು ಮಾತ್ರವಿರುವ ರೋಮಿನ ಪಾಸ್ತವನ್ನು ತರಿಸಿದೆವು. ಮೆಣಸಿನ ಘಾಟು ಮೂಗಿಗೆ ಬಡಿದೊಡನೆ ಮೇಷ್ಟರ ಚರಿತ್ರೆಯು ಎಚ್ಚೆತ್ತಿತು. ನಮ್ಮ ಪಶ್ಚಿಮ ಕರಾವಳಿಯ ಮೆಣಸನ್ನು ತುಂಬಿಡಲು ಡೊಮಿಷಿಯನ್ ಚಕ್ರವರ್ತಿಯು ಈ ನಗರದ ನಟ್ಟನಡುವೆ ಉಗ್ರಾಣವನ್ನೇ ಕಟ್ಟಿಸಿದ್ದನು. ಪೋರ್ಚುಗೀಸರು ವೆಂಕಟಪ್ಪ ನಾಯಕನ ಬಳಿಗೆ ಸುಳಿದಾಡುತ್ತಿದ್ದುದಕ್ಕೂ ಮೆಣಸೇ ಕಾರಣ. “ನಮ್ಮ ಘಟ್ಟದ ಋಣ ಇವರ ತಟ್ಟೆಯಲ್ಲಿದೆ” ಎಂದು ಹೇಳಿ ಅವರು ತೃಪ್ತಿಯಿಂದ ಉಂಡರು. ಆ ಚೀಸು ಕುರಿಮರಿಯ ಹೊಟ್ಟೆಯ ದ್ರವ್ಯದಿಂದ ಗಡ್ಡೆಕಟ್ಟಿದುದೆಂದು ನಾವು ಹಿಂದಿನ ರಾತ್ರಿಯೇ ಓದಿ ತಿಳಿದಿದ್ದೆವು.

ಮರುದಿನ ಬೆಳಗ್ಗೆ ಅರಾಚೇಲಿ ದೇವಾಲಯಕ್ಕೆ ಹೋದೆವು. 124 ಅಮೃತಶಿಲೆಯ ಮೆಟ್ಟಿಲುಗಳ ಮೇಲಿರುವ ಆ ದೇವಾಲಯದಲ್ಲಿಯೇ ದೆಲ್ಲ ವಾಲ್ಲೆ ಮನೆತನದವರ ಸಮಾಧಿಸ್ಥಾನವಿರುವುದು. ಆತನ ಹೆಂಡತಿ ಮಾನಿ ಎಂಬಾಕೆಯು ಬಾಗ್ದಾದಿನಲ್ಲಿ ಕೈಹಿಡಿದವಳು. 1621ರ ಕೊನೆಯಲ್ಲಿ ಪಾರಸಿ ದೇಶದಲ್ಲಿ ತೀರಿಕೊಂಡಳು. ಆಕೆಯ ದೇಹವನ್ನು ಪರದೇಶದ ಮಣ್ಣಿಗೆ ಕೊಡಲೊಲ್ಲದೆ ಪೆಟ್ಟಿಗೆಯಲ್ಲಿರಿಸಿ, ಹಿಂದುಸ್ಥಾನದ ಮಾರ್ಗವಾಗಿ ವರ್ಷಾನುಗಟ್ಟಲೆ ಕೊಂಡು ತಿರುಗಿ, ಕಡೆಗೆ 1627ರಲ್ಲಿ ಇಲ್ಲಿ ಮಣ್ಣುಮಾಡಿದನು. 1652ರಲ್ಲಿ ಆತನೂ ಇಲ್ಲಿಯೇ ಸೇರಿದನು. ಮೇಷ್ಟರು ಪಾದರಕ್ಷೆಯನ್ನು ಕಳಚಿ ಕೈಮುಗಿದರು. ಜೇಬಿನಿಂದ ಕಾಗದದ ಒಂದು ಪೊಟ್ಟಣವನ್ನು ತೆಗೆದು ಅಲ್ಲಿ ನಾಲ್ಕು ಕಾಳು ಮೆಣಸನ್ನಿಟ್ಟರು, ತಮ್ಮ ತೋಟದ್ದಂತೆ. ಇದನ್ನು ತಂದಿರುವೆನೆಂದು ನಮಗೂ ಹೇಳಿರಲಿಲ್ಲ.

ಹೊರಗೆ ಬಂದು ಮೆಟ್ಟಿಲಿನ ಮೇಲೆ ಕುಳಿತಾಗ ಅವರು, “ಈತನು ಕಂಡದ್ದನ್ನು ಕಂಡ ಹಾಗೆ ಬರೆದನು, ರಾಯರೇ. ಅದಕ್ಕೇ ಇಷ್ಟು ದೂರ ಹುಡುಕಿಕೊಂಡು ಬಂದೆ” ಎಂದರು. ನಮಗೆ ಇನ್ನು ತಡೆಯಲಾಗಲಿಲ್ಲ. ಕರುವಿನ ಮಾತನ್ನು ಹೇಳಿಬಿಟ್ಟೆವು.

ಅವರು ಬಹಳ ಹೊತ್ತು ಕೆಳಗಿನ ಬೀದಿಯನ್ನು ನೋಡುತ್ತಿದ್ದರು. ಆಮೇಲೆ, “ಎಂದು ತಿಳಿಯಿತು?” ಎಂದರು. ಪಾರ್ಮಾದಲ್ಲಿ ಎಂದೆವು. ಬೆರಳನ್ನು ಮಡಿಸಿ ಎಣಿಸಿದರು. “ಎಂಟು ದಿನ. ತಿಳಿಯದೆ ತಿಂದುದಕ್ಕೆ ನಾನೇನು ಮಾಡಲಿ, ಹೋಗಲಿ. ಎಂಟು ದಿನ ತಲೆಯಾಡಿಸಿದಿರಲ್ಲ!” ಎಂದವರೇ ಎದ್ದು ಒಬ್ಬರೇ ಮೆಟ್ಟಿಲಿಳಿದು ಹೋದರು. ಅಂದು ಅವರು ಊಟ ಮಾಡಲಿಲ್ಲ. ಮನೆಗೆಂದು ಕಟ್ಟಿಸಿದ ತುಂಡನ್ನು ವಸತಿಗೃಹದ ಕೆಲಸದವಳಿಗೆ ಕೊಟ್ಟುಬಿಟ್ಟರು. ಅವಳು ಎರಡು ಕೈಯಿಂದಲೂ ಹಿಡಿದುಕೊಂಡು ಹತ್ತು ಸಲ ವಂದಿಸಿದಳು.

ಮರುದಿನದಿಂದ ಮೇಷ್ಟರು ಪ್ರಶ್ನೆ ಕೇಳತೊಡಗಿದರು. ಅದು ನಮಗೆ ಶಿಕ್ಷೆಯೇ ಆಗಿದ್ದಿತು. “ಇದರಲ್ಲಿ ಏನಿದೆ? ಯಾವ ಎಣ್ಣೆ? ಯಾವ ನೀರಿನಲ್ಲಿ ಬೇಯಿಸಿದ್ದು?” ಎಂದು ಪ್ರತಿಯೊಂದು ತಟ್ಟೆಗೂ ಕೇಳುವರು. ಉತ್ತರವನ್ನು ಕೇಳಿದ ಮೇಲೆಯೂ ಬಡಿಸುವವನ ಮುಖವನ್ನು ನೋಡುವರು, ನಮ್ಮದನ್ನಲ್ಲ. ಯಹೂದ್ಯರ ಕೇರಿಯಲ್ಲಿ ಹೂವಿನಂತೆ ಅರಳಿಸಿ ಎಣ್ಣೆಯಲ್ಲಿ ಕರಿದ ಆರ್ಟಿಚೋಕ್ ಎಂಬ ತರಕಾರಿಯನ್ನು ತಿಂದೆವು. ಸೊಗಸಾದ ತಿನಿಸು, ಆದರೆ ಮಾತಿಲ್ಲದ ಊಟ.

ಹೀಗೆಯೇ ನೇಪಲ್ಸಿಗೆ ಬಂದು, ಸಮೀಪದ ಪೊಂಪೈ ನಗರವನ್ನು ನೋಡಿದೆವು. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಪರ್ವತದ ಬೂದಿಯಲ್ಲಿ ಮುಚ್ಚಿಹೋದ ಆ ಊರಿನಲ್ಲಿ ರೊಟ್ಟಿಯಂಗಡಿಗಳ ಒಲೆಗಳೂ, ಕತ್ತೆಗಳು ತಿರುಗಿಸುತ್ತಿದ್ದ ಬೀಸುವ ಕಲ್ಲುಗಳೂ ಇಂದಿಗೂ ನಿಂತಿವೆ. ಅಂದು ಬೆಂದು ಕರಿಕಾದ ರೊಟ್ಟಿಗಳನ್ನು ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿಟ್ಟಿರುವರು. ದುಂಡಾದ ರೊಟ್ಟಿ, ಹಂಚಿಕೊಂಡು ಮುರಿಯಲು ಅನುಕೂಲವಾಗುವಂತೆ ಮೇಲೆ ಎಂಟು ಗೀರು. ಗಾಜಿನ ಮುಂದೆ ಮೇಷ್ಟರು ಬಹಳ ಹೊತ್ತು ನಿಂತಿದ್ದರು.

ಅಂದಿನ ರಾತ್ರಿ ಹಳೆಯ ಕೇರಿಯ ಒಂದು ಪೀತ್ಸಾ ಅಂಗಡಿಗೆ ಹೋದೆವು. ಮರಿನಾರ ಎಂಬುದೊಂದು ಬಗೆಯುಂಟು. ನಾವಿಕರದೆಂದು ಅದರ ಹೆಸರಿನ ಅರ್ಥ. ಮೀನಿರಬಹುದೆಂದು ಯಾರಾದರೂ ಬೆದರಬೇಕಾದ ಹೆಸರು. ಆದರೆ ಈ ಊರಿನಲ್ಲಿ ಅದರಲ್ಲಿ ಮೀನೂ ಇಲ್ಲ, ಚೀಸೂ ಇಲ್ಲ. ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ ಎಂಬ ಒಂದು ಸೊಪ್ಪು, ಆಲಿವ್ ಎಣ್ಣೆ, ಇಷ್ಟೇ. ಹಿಟ್ಟಿಗೆ ನೀರು, ಉಪ್ಪು, ಹುದುಗು. ನಾವು ಒಲೆಯ ಬಳಿಗೇ ಹೋಗಿ, ಹಿಟ್ಟು ತಟ್ಟುತ್ತಿದ್ದವನನ್ನು ಮೂರು ಬಾರಿ ಕೇಳಿ ಖಚಿತಪಡಿಸಿಕೊಂಡೆವು. ಮೂರನೆಯ ಬಾರಿಗೆ ಅವನು ಹಿಟ್ಟಿನ ಕೈಯನ್ನೇ ಎದೆಯ ಮೇಲಿಟ್ಟು ಆಣೆಮಾಡಿದನು. ಸೌದೆಯ ಒಲೆಯ ಉರಿಯಲ್ಲಿ ಅದು ಬೇಯುವುದಕ್ಕೆ ಒಂದೂವರೆ ನಿಮಿಷವೂ ಹಿಡಿಯಲಿಲ್ಲ.

ತಟ್ಟೆಯು ಬಂದಿತು. ಅಂಚಿನಲ್ಲಿ ಕರಿಯ ಚುಕ್ಕೆಗಳು, ನಡುವೆ ಕೆಂಪು, ಬೆಳ್ಳುಳ್ಳಿಯ ಘಮಘಮ. ನಾವು ಒಲೆಯ ಬಳಿ ಕೇಳಿ ಬಂದುದನ್ನೆಲ್ಲ ಮೊದಲಿನಿಂದ ಹೇಳುವುದಕ್ಕೆ ಬಾಯಿ ತೆರೆದೆವು. ಮೇಷ್ಟರು ಅಷ್ಟರೊಳಗಾಗಿ ಒಂದು ತುಂಡನ್ನು ಮುರಿದು ಬಾಯಿಗಿಟ್ಟುಕೊಂಡಿದ್ದರು. ಇನ್ನೊಂದನ್ನು ಮುರಿದು ನಮ್ಮ ತಟ್ಟೆಗೆ ಹಾಕುತ್ತ, “ಆರಿ ಹೋದೀತು, ತಿನ್ನಿ ರಾಯರೇ. ಉಪ್ಪಿನಕಾಯಿ ಇನ್ನೂ ಒಂದೆರಡು ಮಿಡಿ ಉಳಿದಿದೆ, ತೆಗೆಯಲೇ?” ಎಂದರು.