ತುಂಡಾದ ಬೋಲ್ಟ್ ಹೇಳಿದ್ದು

ಅಪ್ಪನ ಗ್ಯಾರೇಜಿಗೆ ಬರುವ ಗಿರಾಕಿಯೊಬ್ಬರ ಬೈಕಿನ ಫುಟ್‌ರೆಸ್ಟ್ ಬೋಲ್ಟ್ ದಾರಿಯಲ್ಲೇ ತುಂಡಾಯಿತು. ಪುಣ್ಯಕ್ಕೆ ಅವರು ಬೀಳಲಿಲ್ಲ. ‘ಹಳೆಯದಾದರೂ ಗಟ್ಟಿ ಬೋಲ್ಟೇ ಹಾಕಿದ್ದೆನಲ್ಲೋ’ ಎಂದು ಅಪ್ಪ ಪೇಚಾಡಿದರು.

ಮುರಿದ ಜಾಗ ನೋಡಿದೆ. ತುಕ್ಕು ತಿಂದ ಅಂಚಿನಿಂದ ಒಳಕ್ಕೆ, ಮರಳಿನ ಮೇಲಿನ ಅಲೆಗುರುತಿನಂಥ ಗೆರೆಗಳು. ಕ್ಲಾಸಿನಲ್ಲಿ ಓದಿದ್ದ ‘ಫಟೀಗ್’ ಅಂಗೈಯಲ್ಲಿತ್ತು! ಒಂದೇ ಏಟಿಗಲ್ಲ, ಲೆಕ್ಕವಿಲ್ಲದಷ್ಟು ಸಣ್ಣ ಅದುರಾಟಗಳಿಗೆ ಉಕ್ಕು ಸೋಲುತ್ತದೆ.

ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡಿದರೆ ಉಕ್ಕಿಗೆ ಬಲ ಬರುತ್ತದೆ, ನಿಜ. ಆದರೆ ಬಿರುಕು ಹೆಚ್ಚಾಗಿ ಹುಟ್ಟುವುದು ಮೇಲ್ಮೈಯಲ್ಲಿ. ಕುಲುಮೆಯಲ್ಲಿ ಮೇಲ್ಪದರದ ಕಾರ್ಬನ್ ಕಳೆದುಹೋದರೆ ಆ ಪದರ ಮೆತ್ತಗಾಗುತ್ತದೆ. ಗೀರು, ತುಕ್ಕಿನ ಗುಳಿ ಇದ್ದರಂತೂ ಬಿರುಕಿಗೆ ಬಾಗಿಲು ತೆರೆದಂತೆ. ಹದ ಮಾಡಿದ ಮೇಲೆ ಥ್ರೆಡ್ಡನ್ನು ಕೊರೆಯದೆ ರೋಲರಿನಿಂದ ಒತ್ತಿ ಮೂಡಿಸಿದರೆ ಬಾಳಿಕೆ ಹೆಚ್ಚು.

ಅಪ್ಪ ಈಗ ತುಕ್ಕು ಉಜ್ಜಿ ಹಳೆ ಬೋಲ್ಟ್ ಹಾಕುವುದಿಲ್ಲ.